ದೊಕ್ಸಿಮ್ ಅಜ್ಜಿ ಮೊರ ಹೊತ್ತದ್ದು

ಸೊಲ್ಮೆ ಊರಿನಲ್ಲಿ ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಹಿಂದೆ ಒಂದೇ ಮದ್ದು. ಬೆಳಿಗ್ಗೆ ಎಬ್ಬಿಸಿ, ತಲೆಯ ಮೇಲೆ ಮೊರ ಕವುಚಿ, ಕೈಗೊಂದು ಬಟ್ಟಲು ಕೊಟ್ಟು, ‘ಹೋಗು, ಪಕ್ಕದ ಮನೆಯಲ್ಲಿ ಉಪ್ಪು ಕೇಳಿಕೊಂಡು ಬಾ’ ಎಂದು ಅಟ್ಟುವುದು. ಬಾಗಿಲಲ್ಲಿ ಮೊರ ಕಂಡರೆ ಸಾಕು, ಪಕ್ಕದ ಮನೆಯವರಿಗೆ ವಿಷಯ ಗೊತ್ತಾಗುತ್ತದೆ. ಅವರು ಒಂದು ಹಿಡಿ ಉಪ್ಪು ಕೊಟ್ಟು, ಅನ್ನದ ಸಟ್ಟುಗದಿಂದ ಮೊರದ ಮೇಲೆ ಪಟ್ಟೆಂದು ಬಾರಿಸಿ, ನಾಲ್ಕು ಮಾತು ಬೈದು ಕಳಿಸುತ್ತಾರೆ. ಮಗು ನಾಚಿ ನೀರಾಗುತ್ತದೆ, ಹಾಸಿಗೆ ಒಣಗುತ್ತದೆ. ಪಟ್ಟಣದಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಸೊಲ್ಮೆಯಲ್ಲೂ ಬಿಟ್ಟು ಎಷ್ಟೋ ವರ್ಷವಾಗಿತ್ತು. ದೊಕ್ಸಿಮ್ ಅಜ್ಜಿ ಮಾತ್ರ ಬಿಟ್ಟಿರಲಿಲ್ಲ. ಹಿಡಿದದ್ದನ್ನು ಬಿಡುವ ಪೈಕಿಯೇ ಅಲ್ಲ ಆಕೆ.

ಸಮುದ್ರ ಹಿಂದೆ ಸರಿದಾಗ ಕೊಲ್ಲಿಯ ತುಂಬ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ, ಒಂದು ಮೊಣಕಾಲನ್ನು ಉದ್ದನೆಯ ಹಲಗೆಯ ಮೇಲೆ ಊರಿ, ಇನ್ನೊಂದು ಕಾಲಿನಿಂದ ಕೆಸರು ಒದೆಯುತ್ತ, ಚಿಪ್ಪುಮೀನು ಹೆಕ್ಕಿ ಬದುಕಿದವಳು ಅವಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ದೊಕ್ಸಿಮ್‌ಗೆ ಸೊಂಟದವರೆಗೂ ಕೆಸರಾಗಿ, ಗಂಡ ಸತ್ತ ಮೇಲೆ ಮಗನೊಬ್ಬನನ್ನು ಸಾಕಿ ಮದುವೆ ಮಾಡುವಷ್ಟು ಮೊಸರು ಸಿಕ್ಕಿತ್ತು. ಮಗ ದೂರದ ಕಡಲಿಗೆ ಹೋಗುವ ಮೀನಿನ ಹಡಗಿನಲ್ಲಿದ್ದ, ಮನೆಗೆ ಬರುವುದು ಅಪರೂಪ. ಸೊಸೆ ಲಿಯೆನ್ ವಿಯೆಟ್ನಾಮಿನಿಂದ ಮದುವೆಯಾಗಿ ಬಂದವಳು, ಚಿಪ್ಪು ಬೇಯಿಸುವ ಶೆಡ್ಡಿನಲ್ಲಿ ಕೆಲಸ. ಮೊಮ್ಮಗಳು ಸೊರಾ, ಒಂಬತ್ತು ವರ್ಷದವಳು. ಹೀಗಾಗಿ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತೇ. ತನ್ನ ಕೋಳಿ ಕೂಗಿದರೇ ಸೊಲ್ಮೆಯಲ್ಲಿ ಬೆಳಗಾಗುವುದು ಎಂದು ಅವಳು ತಿಳಿದಿದ್ದಳು.

ಆ ವರ್ಷ ಸೊರಾ ನೀರು ಕುಡಿಯತೊಡಗಿದಳು. ಕುಡಿಯುವುದೆಂದರೆ ಅಂಥಿಂಥ ಕುಡಿತವಲ್ಲ. ಊಟದ ಮುಂಚೆ, ಊಟದ ನಡುವೆ, ಊಟವಾದ ಮೇಲೆ, ಕೆಟಲ್ ಎತ್ತಿ ಬಾಯಿಗೇ ಸುರಿದುಕೊಳ್ಳುವುದು. ಮೂರು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಹುಡುಗಿ ಮತ್ತೆ ಶುರು ಮಾಡಿದಳು.

“ಅತ್ತೆ, ಇದು ಸರಿ ಕಾಣ್ತಿಲ್ಲ. ಗ್ವಾಂಗ್ಜುಗೆ ಕರ್ಕೊಂಡು ಹೋಗಿ ದೊಡ್ಡಾಸ್ಪತ್ರೇಲಿ ತೋರಿಸ್ತೀನಿ,” ಎಂದಳು ಲಿಯೆನ್.

“ನೀರು ಕುಡಿದ್ರೆ ಉಚ್ಚೆ ಬರದೆ ಎಣ್ಣೆ ಬರುತ್ತೇನೇ? ಕುಡಿಯೋದು ನಿಲ್ಸು, ಹುಯ್ಯೋದು ತಾನಾಗೇ ನಿಲ್ಲುತ್ತೆ.”

“ತೂಕ ಬೇರೆ ಇಳಿದಿದೆ ಅತ್ತೆ. ತಲೆನೋವು ಅಂತಾಳೆ.”

“ಸ್ಕೂಲಿಗೆ ಕಳ್ಳ ಬೀಳೋರಿಗೆಲ್ಲ ತಲೆನೋವೇ. ನಿನ್ನ ಗಂಡನಿಗೂ ಪರೀಕ್ಷೆ ದಿನ ಬರ್ತಿತ್ತು, ಕೇಳು ಬೇಕಾದ್ರೆ.”

ಅಜ್ಜಿ ಸಂಜೆಯಾದ ಮೇಲೆ ಕೆಟಲನ್ನು ಕಪಾಟಿನ ಮೇಲೆ ಬಚ್ಚಿಟ್ಟಳು. ಒಂದು ದಿನ ನೋಡಿದರೆ ಹುಡುಗಿ ಕಿಮ್ಚಿ ಉಪ್ಪಿನಕಾಯಿಗೆಂದು ಕೋಸು ತೊಳೆದಿಟ್ಟ ಟಬ್ಬಿಗೆ ಬಾಯಿ ಹಾಕಿ ಕುಡಿಯುತ್ತಿದ್ದಳು. ನಾಯಿಯ ಹಾಗೆ ಕುಡಿಯುತ್ತೀಯಲ್ಲೇ ಎಂದು ಅಜ್ಜಿ ಬೆನ್ನಿಗೆ ಒಂದು ಗುದ್ದಿದಳು. ಮಾರನೆಯ ಬೆಳಿಗ್ಗೆ ಹಾಸಿಗೆ ಮತ್ತೆ ಒದ್ದೆ. ಲಿಯೆನ್ ಆಗಲೇ ಶೆಡ್ಡಿಗೆ ಹೋಗಿದ್ದಳು. ದೊಕ್ಸಿಮ್ ಅಟ್ಟದಿಂದ ಮೊರ ಇಳಿಸಿದಳು.

“ಬೇಡ ಅಜ್ಜಿ. ಸ್ಕೂಲ್ ವ್ಯಾನ್ ಬರೋ ಹೊತ್ತು,” ಎಂದಳು ಸೊರಾ.

“ಬರ್ಲಿ ಬಿಡು. ಅವರೂ ನೋಡ್ಲಿ.”

ಎದುರು ಮನೆಯ ಮಾಲ್‌ಸುನ್ ದೊಕ್ಸಿಮ್‌ಳ ಬಾಲ್ಯದ ಗೆಳತಿ, ಜೊತೆಗೆ ಬಾಲ್ಯದ ಶತ್ರು. ಮೊರ ಕಂಡದ್ದೇ ತಡ, ಅವಳು ಸಟ್ಟುಗ ಹಿಡಿದು ಬೀದಿಗೇ ಬಂದಳು. “ಅಯ್ಯೋ ಅಯ್ಯೋ, ಇಷ್ಟು ದೊಡ್ಡ ಹುಡುಗಿ!” ಎಂದು ಬಾರಿಸಿದಳು. ಅಕ್ಕಪಕ್ಕದವರು ನಕ್ಕರು. ವ್ಯಾನು ಬಂದು ನಿಂತಿತು. ಕಿಟಕಿಗಳ ತುಂಬ ಮಕ್ಕಳ ಮುಖ, ಆ ಮುಖಗಳ ತುಂಬ ನಗೆ. ಸೊರಾ ಅಳಲಿಲ್ಲ. ಉಪ್ಪಿನ ಬಟ್ಟಲು ಹಿಡಿದು ನೆಟ್ಟಗೆ ಮನೆಗೆ ಬಂದವಳು ಎಡಗಡೆಯ ಬಾಗಿಲ ಕಂಬಕ್ಕೆ ಢೀ ಹೊಡೆದಳು. ಉಪ್ಪು ಹೊಸ್ತಿಲ ತುಂಬ ಚೆಲ್ಲಿತು.

“ಕಣ್ಣೇನು ಹಿತ್ತಲಲ್ಲಿ ಇಟ್ಟು ಬಂದಿದ್ದೀಯಾ?” ಎಂದಳು ಅಜ್ಜಿ.

ಲಿಯೆನ್‌ಗೆ ಸುದ್ದಿ ಮುಟ್ಟಿಸಿದ್ದು ಶೆಡ್ಡಿನ ಹೆಂಗಸರು. ಅವಳು ಏಪ್ರನ್ ಕೂಡ ಬಿಚ್ಚದೆ ಓಡಿ ಬಂದಳು. ಅತ್ತೆಯ ಕಡೆ ನೋಡಲಿಲ್ಲ. ಮಗಳ ಬಟ್ಟೆ ಬದಲಿಸಿ, ಕೈ ಹಿಡಿದು, ಬಸ್ ಸ್ಟಾಪಿಗೆ ನಡೆದಳು. ಸಂಜೆ ಗ್ವಾಂಗ್ಜುವಿನಿಂದ ಫೋನು ಬಂತು.

“ತಲೇಲಿ ಗಡ್ಡೆ ಇದೆಯಂತೆ. ಸಿಯೋಲ್‌ಗೆ ಕಳಿಸ್ತಿದ್ದಾರೆ.”

ಮೆದುಳಿನ ನಟ್ಟನಡುವೆ, ದೇಹದ ನೀರನ್ನು ಹಿಡಿದಿಡುವ ಗ್ರಂಥಿಯ ಬುಡದಲ್ಲೇ ಅದು ಕೂತಿತ್ತು. ಅದಕ್ಕೇ ಹುಡುಗಿಯ ಮೈಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಕುಡಿದಷ್ಟೂ ಹೋಗುತ್ತಿತ್ತು, ಹೋದಷ್ಟೂ ಕುಡಿಯಬೇಕಿತ್ತು. ಅದರ ಪಕ್ಕದಲ್ಲೇ ಕಣ್ಣಿನ ನರ. ಗಡ್ಡೆ ಅದನ್ನೂ ಒತ್ತಿತ್ತು. ಸಿಯೋಲ್‌ನ ಡಾಕ್ಟರ್ ಹಾ ಎಂಬ ಹೆಂಗಸು ಲಿಯೆನ್‌ಗೆ ಎಲ್ಲವನ್ನೂ ಚಿತ್ರ ಬರೆದು ತೋರಿಸಿದಳಂತೆ. ಇದು ಬಲು ಅಪರೂಪದ ಗಡ್ಡೆ, ಆದರೂ ನಮ್ಮ ಕಡೆಯ ಮಕ್ಕಳಲ್ಲಿ ಬೇರೆ ಕಡೆಗಿಂತ ಒಂದಿಷ್ಟು ಹೆಚ್ಚು. ಒಳ್ಳೆಯ ಸುದ್ದಿ ಏನೆಂದರೆ ಇದು ಕರಗುವ ಜಾತಿ. ಮೊದಲು ಕೀಮೋ, ಆಮೇಲೆ ರೇಡಿಯೇಶನ್. ಪೂರ್ತಿ ಮುಗಿಸಿದ ಮಕ್ಕಳು ಹೆಚ್ಚಿನವರು ಬದುಕುತ್ತಾರೆ. ಅರ್ಧಕ್ಕೆ ಬಿಟ್ಟರೆ ಮತ್ತೆ ಬೆಳೆಯುತ್ತದೆ.

“ನಾನೂ ಬರ್ತೀನಿ,” ಎಂದಳು ದೊಕ್ಸಿಮ್.

“ನೀವು ಬರೋದು ಬೇಡ ಅತ್ತೆ.”

ಮದುವೆಯಾಗಿ ಬಂದ ಮೇಲೆ ಲಿಯೆನ್ ಅತ್ತೆಗೆ ‘ಬೇಡ’ ಎಂದದ್ದು ಅದೇ ಮೊದಲು. ದೊಕ್ಸಿಮ್ ಫೋನು ಇಟ್ಟು, ಹೊಸ್ತಿಲ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ಬಾಯಾರಿ ಸಾಯುತ್ತಿದ್ದ ಮಗುವಿನಿಂದ ನೀರು ಬಚ್ಚಿಟ್ಟವಳು ತಾನು. ಗಡ್ಡೆ ಹೊತ್ತ ತಲೆಯ ಮೇಲೆ ಮೊರ ಹೊರಿಸಿದವಳು ತಾನು. ಯಾರನ್ನು ಬೈಯಲಿ? ಬೈಯಲು ಬೇರೆ ಯಾರೂ ಸಿಗದೆ ಹೋದದ್ದು ಅವಳ ಜೀವನದಲ್ಲಿ ಹೊಸ ಅನುಭವ.

ಚಳಿಗಾಲವೆಲ್ಲ ಹಾಗೇ ಕಳೆಯಿತು. ಮಗನ ಹಡಗು ನಡುಗಡಲಲ್ಲಿತ್ತು, ಅವನಿಂದ ದುಡ್ಡು ಮಾತ್ರ ಬರುತ್ತಿತ್ತು. ಆಕೆ ಕೆಸರಿಗೆ ಇಳಿಯುತ್ತಿದ್ದಳು, ಬರುತ್ತಿದ್ದಳು, ಫೋನಿನ ಮುಂದೆ ಕೂರುತ್ತಿದ್ದಳು. ಕೂದಲು ಉದುರಿತಂತೆ. ವಾಂತಿಯಂತೆ. ಇವತ್ತು ಎರಡು ತುತ್ತು ಗಂಜಿ ಕುಡಿದಳಂತೆ. ಲಿಯೆನ್ ಹೇಳಬೇಕಾದಷ್ಟು ಹೇಳಿ ಇಟ್ಟುಬಿಡುತ್ತಿದ್ದಳು. ಸೊರಾ ಒಮ್ಮೆಯೂ ಫೋನಿಗೆ ಬರಲಿಲ್ಲ.

ಗಾಳಿ ಸ್ವಲ್ಪ ಬೆಚ್ಚಗಾಗುವ ಹೊತ್ತಿಗೆ ಲಿಯೆನ್ ತಾನಾಗಿ ಫೋನು ಮಾಡಿದಳು. ದನಿ ಬಿದ್ದು ಹೋಗಿತ್ತು.

“ಕೀಮೋ ಮುಗೀತು. ರೇಡಿಯೇಶನ್ ಶುರು ಮಾಡೋಕೆ ಆಗ್ತಿಲ್ಲ ಅತ್ತೆ. ಅವಳು ಮಾಸ್ಕ್ ಹಾಕಿಸ್ಕೊಳ್ತಿಲ್ಲ.”

ಮುಖದ ಅಚ್ಚಿಗೆ ಸರಿಯಾಗಿ ಮಾಡಿದ ಪ್ಲಾಸ್ಟಿಕ್ ಬಲೆಯ ಮಾಸ್ಕ್ ಅದು. ಹುಡುಗಿಯನ್ನು ಮಲಗಿಸಿ, ಅದನ್ನು ಮುಖಕ್ಕೆ ಹಾಕಿ, ಮೇಜಿಗೆ ಬಿಗಿಯುತ್ತಾರೆ. ತಲೆ ಒಂದು ಕೂದಲೆಳೆಯಷ್ಟೂ ಅಲುಗುವಂತಿಲ್ಲ. ಅಲುಗಿದರೆ ಕಿರಣ ಬೇರೆಲ್ಲೋ ಬೀಳುತ್ತದೆ. ಚಿಕ್ಕ ಮಕ್ಕಳಿಗೆ ದಿನಾ ಅನಸ್ತೇಶಿಯಾ ಕೊಟ್ಟು ಮಲಗಿಸುತ್ತಾರೆ. ಆದರೆ ಅದಕ್ಕೆ ಮುಂಚೆ ಹೊಟ್ಟೆಗೆ ಏನೂ ಕೊಡುವ ಹಾಗಿಲ್ಲ, ನೀರನ್ನು ಕೂಡ. ಅಚ್ಚು ತೆಗೆಯುವ ದಿನ ಸೊರಾಳಿಗೆ ಹಾಗೆ ಮಾಡಿ ನೋಡಿದ್ದರು. ಎಷ್ಟು ಜಾಗ್ರತೆಯಿಂದ ನೋಡಿಕೊಂಡರೂ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬಂದು ಐಸಿಯು ಸೇರಿದ್ದಳು. ವಾರಗಟ್ಟಲೆ ದಿನಾ ಅದನ್ನೇ ಮಾಡುವುದಕ್ಕೆ ಡಾಕ್ಟರಿಗೆ ಮನಸ್ಸಿರಲಿಲ್ಲ. ಎಚ್ಚರವಾಗಿಯೇ, ಅಲುಗದೆ ಮಲಗಬೇಕು. ಬೇರೆ ಒಳ್ಳೆಯ ದಾರಿ ಇಲ್ಲ.

“ಮಾಸ್ಕ್ ಹತ್ರ ತಂದ್ರೆ ಸಾಕು, ‘ಮೊರ ಬೇಡ, ಮೊರ ಬೇಡ’ ಅಂತ ಕಿರುಚ್ತಾಳೆ,” ಎಂದಳು ಲಿಯೆನ್.

ದೊಕ್ಸಿಮ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಗಂಟು ಹಾಕಿದೋರೇ ಬಿಚ್ಚಬೇಕು ಅಂತ ನೀವೇ ತಾನೆ ನನಗೆ ಹೇಳಿಕೊಟ್ಟಿದ್ದು? ಬನ್ನಿ. ಬಂದು ಬಿಚ್ಚಿ.”

ಅಜ್ಜಿ ಮೊರವನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. ಸಿಯೋಲ್‌ನಲ್ಲಿ ಅಕ್ಕಿಯನ್ನು ಕೇರಿಯೇ ಮಾರ್ತಾರೆ ಅಜ್ಜಿ, ಎಂದು ಡ್ರೈವರ್ ಚುಡಾಯಿಸಿದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದಳು. ಅಂದು ಸುಮ್ಮನೆ ಕಿಟಕಿಯ ಪಕ್ಕ ಕೂತಳು.

ಮಕ್ಕಳ ವಾರ್ಡಿನಲ್ಲಿ ಸೊರಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬೋಳು ತಲೆ, ಬೆರಳಿನಷ್ಟು ತೆಳ್ಳಗಿನ ಕುತ್ತಿಗೆ. ಇದು ನನ್ನ ಸೊರಾನೇ ಎಂದು ಅಜ್ಜಿ ಹೆಸರು ಹಲಗೆ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಗಂಟು ಬಿಚ್ಚಿದಾಗ ಮೊರ ಕಂಡು ಲಿಯೆನ್ ಮುಖ ಕೆಂಪಾಯಿತು.

“ಅದನ್ನ ಯಾಕೆ ತಂದ್ರಿ? ನಿಮಗೇನು ತಲೆ ಕೆಟ್ಟಿದೆಯಾ?”

ದೊಕ್ಸಿಮ್ ಮೊರವನ್ನು ತನ್ನ ತಲೆಯ ಮೇಲೆ ಕವುಚಿಕೊಂಡಳು. ಆಸ್ಪತ್ರೆಯ ಬಟ್ಟಲೊಂದನ್ನು ಹಿಡಿದು ಪಕ್ಕದ ಹಾಸಿಗೆಯ ಹುಡುಗಿಯ ಮುಂದೆ ನಿಂತು, “ತಾಯೀ, ಈ ಮುದುಕಿ ತಪ್ಪು ಮಾಡಿದ್ದಾಳೆ. ಒಂಚೂರು ಉಪ್ಪಿದ್ರೆ ಕೊಡು,” ಎಂದಳು. ಆ ಹುಡುಗಿ ಗಾಬರಿಯಿಂದ ತನ್ನ ಕಪ್ ನೂಡಲ್ಸಿನ ಮಸಾಲೆ ಪೊಟ್ಟಣವನ್ನೇ ಬಟ್ಟಲಿಗೆ ಹಾಕಿದಳು. ವಾರ್ಡೆಲ್ಲ ನಕ್ಕಿತು. ನರ್ಸ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿ ಮುಂದಿನ ಹಾಸಿಗೆಗೆ ಹೊರಟಿದ್ದಳು, ಅಷ್ಟರಲ್ಲಿ ಸೊರಾ ಎದ್ದು ಕೂತಳು.

“ಸಾಕು ನಿಲ್ಸು. ಇಲ್ಲಿ ನೀನು ಯಾರು ಅಂತ ಯಾರಿಗೆ ಗೊತ್ತು?”

“ಏನು ಪುಟ್ಟಾ?”

“ಇಲ್ಲಿ ನಕ್ರೆ ನಿಂಗೇನೂ ಆಗಲ್ಲ. ನನ್ನ ನೋಡಿ ನಕ್ಕೋರು ಇಲ್ಲಿಲ್ಲ. ಮಾಲ್‌ಸುನ್ ಅಜ್ಜಿ ಇಲ್ಲ. ವ್ಯಾನ್ ಇಲ್ಲ. ಅಲ್ಲಿ ಮಾಡು ನೋಡೋಣ.”

ಹೇಳಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ದೊಕ್ಸಿಮ್ ಮೊರ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗುರುತಿಲ್ಲದವರ ಮುಂದೆ ಮಾನ ಕಳೆದುಕೊಳ್ಳುವುದು ಯಾವ ದೊಡ್ಡ ಕೆಲಸ? ಸೊಲ್ಮೆಯ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವುದು ಬೇರೆ. ಗಂಡ ಸತ್ತಾಗಲೂ ಆ ಬೀದಿಯಲ್ಲಿ ಆಕೆ ತಲೆ ತಗ್ಗಿಸಿರಲಿಲ್ಲ. ಹಾಗೆ ನೋಡಿದರೆ ಹುಡುಗಿಯ ಹಠ ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

“ಸರಿ,” ಎಂದಳು ಅಜ್ಜಿ, ಗಂಟು ಕಟ್ಟಿದಳು.

ಲಿಯೆನ್ ಲಿಫ್ಟಿನವರೆಗೆ ಬಂದಳು. “ಅತ್ತೆ, ಊಟನಾದ್ರೂ ಮಾಡಿ ಹೋಗಿ. ಈಗ ತಾನೆ ಬಂದ್ರಿ.”

“ವಾಪಸ್ ಬಂದು ಉಣ್ತೀನಿ.”

“ಸೋಮವಾರ ಇನ್ನೊಂದು ಸಲ ನೋಡ್ತಾರಂತೆ. ಆಗಲಿಲ್ಲ ಅಂದ್ರೆ ಅನಸ್ತೇಶಿಯಾನೇ ಅಂತಾರೆ. ನಂಗೆ ಭಯ ಆಗುತ್ತೆ ಅತ್ತೆ.”

ಸೊಸೆ ತನ್ನ ಮುಂದೆ ಭಯ ಎಂಬ ಮಾತು ಆಡಿದ್ದನ್ನು ದೊಕ್ಸಿಮ್ ಹಿಂದೆಂದೂ ಕೇಳಿರಲಿಲ್ಲ. ಅವಳ ಕೈ ಹಿಡಿದು ಒತ್ತಿದಳು. ಲಿಫ್ಟು ಬಂತು.

ಮಾರನೆಯ ಬೆಳಿಗ್ಗೆ ಸರಿಯಾಗಿ ವ್ಯಾನು ಬರುವ ಹೊತ್ತಿಗೆ ದೊಕ್ಸಿಮ್ ಮೊರ ಹೊತ್ತು ಬೀದಿಗಿಳಿದಳು. ಮಾಲ್‌ಸುನ್‌ಳ ಸೊಸೆಗೆ ಮೊದಲೇ ಹೇಳಿಟ್ಟಿದ್ದಳು, ಫೋನಿನಲ್ಲಿ ವೀಡಿಯೊ ತೆಗೀಬೇಕು, ಒಂದು ಚೂರೂ ಬಿಡಬಾರದು ಎಂದು.

ಮಾಲ್‌ಸುನ್ ಬಾಗಿಲು ತೆಗೆದು ನೋಡಿ ಕಣ್ಣುಜ್ಜಿಕೊಂಡಳು. “ಇದೇನೇ ದೊಕ್ಸಿಮ್! ಈ ವಯಸ್ಸಲ್ಲಿ ಹಾಸಿಗೆ ಒದ್ದೆ ಮಾಡ್ಕೊಂಡ್ಯಾ?”

“ಅದಕ್ಕಿಂತ ಹೊಲಸು ಕೆಲಸ ಮಾಡಿದೀನಿ. ಉಪ್ಪು ಕೊಡು.”

“ಒಳಗೆ ಬಾರೇ, ಜನ ನೋಡ್ತಾರೆ.”

“ನೋಡ್ಲಿ ಅಂತಾನೇ ಬಂದಿರೋದು. ಸಟ್ಟುಗ ಎಲ್ಲಿ? ಹೊಡಿ. ಅವತ್ತು ಮಗೂಗೆ ಹೊಡೆಯೋಕೆ ಕೈ ಬಂತಲ್ಲ, ಇವತ್ತೇನು ಕೈಗೆ ಲಕ್ವ ಹೊಡೀತಾ?”

ಮಾಲ್‌ಸುನ್ ಸಟ್ಟುಗ ತಂದಳು. ಎತ್ತಿದ ಕೈ ಇಳಿಯಲಿಲ್ಲ. “ನಾನೂ ನಕ್ಕಿದ್ದೆ ಕಣೇ. ಕಾಯಿಲೆ ಅಂತ ನಂಗೇನು ಗೊತ್ತು?” ಎಂದಳು, ಮೂಗು ಸೊರ್ ಎನ್ನಿಸಿದಳು. ಆಮೇಲೆ ಹೇಗೋ ಮನಸ್ಸು ಮಾಡಿ ಮೊರದ ಮೇಲೆ ಒಂದು ಏಟು ಹಾಕಿದಳು.

ದೊಕ್ಸಿಮ್ ಅಷ್ಟಕ್ಕೇ ಬಿಡಲಿಲ್ಲ. ಬೀದಿಯ ಒಂದೊಂದು ಮನೆಯ ಮುಂದೂ ನಿಂತಳು. ಊರ ಯಜಮಾನ ಚುನ್‌ಬೊಕ್ ಮುಂದೆಯೂ ನಿಂತಳು, ತಾನು ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಮನೆಯ ಮುಂದೆಯೂ ನಿಂತಳು. ಬಟ್ಟಲು ತುಂಬಿ ಉಪ್ಪು ಚೆಲ್ಲತೊಡಗಿತು. ವ್ಯಾನು ಬಂದಾಗ ಅದರ ಮುಂದೆ ಅಡ್ಡ ನಿಂತು ಡ್ರೈವರ್‌ಗೆ ಕಿಟಕಿ ಇಳಿಸು ಎಂದಳು.

“ನೋಡ್ರಪ್ಪಾ ಮಕ್ಕಳೇ. ಅವತ್ತು ಸೊರಾ ಮೊರ ಹೊತ್ಕೊಂಡು ನಿಂತಿದ್ಲಲ್ಲ, ಅದು ಅವಳ ತಪ್ಪಲ್ಲ. ಅವಳಿಗೆ ತಲೇಲಿ ಕಾಯಿಲೆ. ನೀರು ಬೇಕು ಅಂದ್ಲು, ನಾನು ಬಚ್ಚಿಟ್ಟೆ. ತಪ್ಪು ಮಾಡಿದೋಳು ನಾನು. ನಗೋದಾದ್ರೆ ನನ್ನ ನೋಡಿ ನಗಿ.”

ಮಕ್ಕಳು ಪಿಟಿಕ್ಕೆನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಪುಟ್ಟದು ತಡೆಯಲಾರದೆ ಕಿಸಕ್ಕೆಂದಿತು. “ಹ್ಞಾ, ಹಂಗೆ. ಇನ್ನೂ ಜೋರಾಗಿ!” ಎಂದಳು ಅಜ್ಜಿ. ಆಗ ವ್ಯಾನಿಗೆ ವ್ಯಾನೇ ನಕ್ಕಿತು. ಮೊರದ ಕೆಳಗೆ ದೊಕ್ಸಿಮ್‌ಳ ಕಿವಿ ಬಿಸಿಯಾಯಿತು, ಮುಖ ಉರಿಯಿತು. ಒಂಬತ್ತು ವರ್ಷದ ಮಗು ಇದನ್ನು ಅಳದೆ ಹೇಗೆ ಸಹಿಸಿತು ಎಂದು ಅವಳಿಗೆ ಆಶ್ಚರ್ಯವಾಯಿತು. ಅವಳಿಗೇ ಅಳು ಬಂದಿತ್ತು.

ಸೊರಾ ಆ ವೀಡಿಯೊವನ್ನು ಮತ್ತೆ ಮತ್ತೆ ನೋಡಿದಳೆಂದು ಲಿಯೆನ್ ಫೋನಿನಲ್ಲಿ ಹೇಳಿದಳು. “ಏನಂದ್ಲು?” ಎಂದು ದೊಕ್ಸಿಮ್ ಕೇಳಿದಳು.

“ಮಾಲ್‌ಸುನ್ ಅಜ್ಜಿ ನಿಮಗೆ ಮೆಲ್ಲಗೆ ಹೊಡೆದ್ರಂತೆ. ಅವಳಿಗೆ ಇನ್ನೂ ಜೋರಾಗಿ ಹೊಡೆದಿದ್ರಂತೆ.”

“ಇನ್ನೊಂದ್ಸಲ ಹೊಡೆಸ್ಕೊಂಡು ಬರ್ಲಾ?”

ಆ ಕಡೆಯಿಂದ ಒಂದು ಸದ್ದು ಬಂತು. ಲಿಯೆನ್ ನಕ್ಕಿದ್ದಳು. “ಬೇಡ. ಸೋಮವಾರ ನೀವು ಬರ್ಬೇಕಂತೆ. ಒಳಗೆ ಮಲಗಿರೋ ಮಕ್ಕಳ ಹತ್ರ ಹೊರಗಿಂದ ಮೈಕಲ್ಲಿ ಮಾತಾಡಬಹುದು. ಅಜ್ಜಿನೇ ಮಾತಾಡ್ಬೇಕು, ಒಂದ್ನಿಮಿಷ ಸುಮ್ಮನಿರಬಾರ್ದು ಅಂತ ಷರತ್ತು ಹಾಕಿದ್ದಾಳೆ.”

ಸುಮ್ಮನಿರಬಾರದೆಂದು ದೊಕ್ಸಿಮ್‌ಗೆ ಷರತ್ತು ಹಾಕುವುದು ಮೀನಿಗೆ ಈಜು ಎಂದು ಹೇಳಿದ ಹಾಗೆ. ಆದರೂ ಸೋಮವಾರ ಕಂಟ್ರೋಲ್ ರೂಮಿನ ಮೈಕಿನ ಮುಂದೆ ಕೂತಾಗ ಅವಳ ಬಾಯಿ ಒಣಗಿತ್ತು. ಟೀವಿ ಪರದೆಯ ಮೇಲೆ ಸೊರಾ ಕಾಣುತ್ತಿದ್ದಳು. ಮಾಸ್ಕ್ ಇಳಿಯಿತು. ಕ್ಲಿಪ್ಪುಗಳು ಟಕ್ ಟಕ್ ಎಂದು ಮೇಜಿಗೆ ಕಚ್ಚಿಕೊಂಡವು. ಪುಟ್ಟ ಕೈಗಳೆರಡೂ ಮುಷ್ಟಿಯಾದವು. ಎಲ್ಲರೂ ಹೊರಗೆ ಬಂದರು, ದಪ್ಪ ಬಾಗಿಲು ಮುಚ್ಚಿಕೊಂಡಿತು. ಒಳಗೆ ಹುಡುಗಿ ಒಬ್ಬಳೇ ಉಳಿದಳು.

“ಸೊರಾಆಆ!” ಎಂದು ದೊಕ್ಸಿಮ್ ಕೆಸರು ಬಯಲಿನ ಆಚೆ ದಡಕ್ಕೆ ಕೂಗಿದ ಹಾಗೆ ಕೂಗಿದಳು. ಟೆಕ್ನಿಶಿಯನ್ ಹೌಹಾರಿ ಮೈಕಿನ ಸದ್ದು ತಗ್ಗಿಸಿದ. “ಅಜ್ಜೀ, ಸಿಯೋಲ್‌ಗೆಲ್ಲ ಕೇಳೋ ಹಂಗೆ ಬೇಡ. ಮೆಲ್ಲಗೆ.”

“ಸೊರಾ, ನಾನು ಕಣೇ. ಮಾಲ್‌ಸುನ್ ಮನೆ ಹುಂಜ ಏನ್ಮಾಡ್ತು ಗೊತ್ತಾ? ಪೋಸ್ಟ್‌ಮ್ಯಾನ್ ಹೆಲ್ಮೆಟ್ ಒಳಗೆ ಹೋಗಿ ಕೂತಿತ್ತು. ಅವನು ನೋಡದೆ ಹಾಕ್ಕೊಂಡ. ನಗಬೇಡ! ನಕ್ರೆ ಅಲುಗ್ತೀಯ, ಅಲುಗಿದ್ರೆ ಮತ್ತೆ ಮೊದಲಿಂದ. ಆಮೇಲೆ ಕೇಳು…”

ಪರದೆಯಲ್ಲಿ ಹುಡುಗಿಯ ಹೊಟ್ಟೆ ಕುಲುಕಿತು. ತಲೆ ಮಾತ್ರ ಅಲುಗಲಿಲ್ಲ. ಮುಷ್ಟಿಗಳು ನಿಧಾನವಾಗಿ ಬಿಚ್ಚಿಕೊಂಡವು. ಯಂತ್ರ ಒಂದು ಸುತ್ತು ಬಂದು ನಿಂತಾಗ ಟೆಕ್ನಿಶಿಯನ್ “ಆಯ್ತು” ಎಂದ. ಲಿಯೆನ್ ಗೋಡೆಗೆ ಒರಗಿ ಕೂತಳು.

ಅಲ್ಲಿಂದ ಶುರುವಾದದ್ದು ದಿನವೂ ನಡೆಯಿತು. ದೊಕ್ಸಿಮ್ ಸೊಲ್ಮೆಯ ಗುಟ್ಟುಗಳನ್ನು ಒಂದೊಂದಾಗಿ ಮೈಕಿನೊಳಗೆ ಸುರಿದಳು. ಯಾರ ಜಗಳ, ಯಾರ ಮದುವೆ ಮುರಿದದ್ದು, ಯಾರು ಯಾರ ಚಿಪ್ಪಿನ ಬುಟ್ಟಿ ಕದ್ದದ್ದು, ಯಾವುದನ್ನೂ ಬಿಡಲಿಲ್ಲ. ನರ್ಸುಗಳು ಊಟದ ಹೊತ್ತು ಹೊಂದಿಸಿಕೊಂಡು ಕೇಳಲು ಬರುತ್ತಿದ್ದರು. ಸತ್ಯ ಖಾಲಿಯಾದಾಗ ಅಜ್ಜಿ ಸುಳ್ಳಿಗೆ ಕೈ ಹಾಕಿದಳು. ಗಂಟಲು ಒಡೆದು ಹೋಯಿತು. ಒಂದು ಬೆಳಿಗ್ಗೆ ಲಿಯೆನ್ ಜೇನು ಹಾಕಿದ ಬಿಸಿ ಶುಂಠಿ ಚಹಾ ತಂದು ಅತ್ತೆಯ ಮುಂದೆ ಇಟ್ಟಳು. ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಕೆಲವು ದಿನ ಲಿಯೆನ್ ಅತ್ತೆಯ ಮುಖವನ್ನೇ ನೋಡುತ್ತಿರಲಿಲ್ಲ, ದೊಕ್ಸಿಮ್ ಅದನ್ನು ಕೇಳುತ್ತಲೂ ಇರಲಿಲ್ಲ.

ಚಿಕಿತ್ಸೆ ಅರ್ಧ ದಾಟಿದ ಮೇಲೆ ಡಾಕ್ಟರ್ ಹಾ ಹೊಸ ಸ್ಕ್ಯಾನ್ ಇಟ್ಟುಕೊಂಡು ಇಬ್ಬರನ್ನೂ ಕೂರಿಸಿಕೊಂಡಳು. ಗಡ್ಡೆ ಇದ್ದ ಜಾಗದಲ್ಲಿ ಈಗ ಏನೂ ಕಾಣುತ್ತಿರಲಿಲ್ಲ. “ಹೀಗೇ ಪೂರ್ತಿ ಮುಗಿಸಿದ್ರೆ ಬದುಕ್ತಾಳೆ. ಓದ್ತಾಳೆ, ದೊಡ್ಡೋಳಾಗ್ತಾಳೆ. ಮೈಯಲ್ಲಿ ನೀರು ನಿಲ್ಲಿಸೋ ಮಾತ್ರೆ ಮಾತ್ರ ಜೀವನಪೂರ್ತಿ ಬೇಕು, ಬೆಳವಣಿಗೆಗೂ ಔಷಧ ಬೇಕಾಗಬಹುದು,” ಎಂದಳು. ಲಿಯೆನ್ ತನ್ನ ಭಾಷೆಯಲ್ಲಿ ಏನೋ ಗುನುಗಿ ಕಣ್ಣೊರೆಸಿಕೊಂಡಳು. ಆಮೇಲೆ ಡಾಕ್ಟರ್ ಇನ್ನೊಂದು ಮಾತು ಹೇಳಿದಳು. ಎಡಗಣ್ಣಿನ ಅಂಚಿನ ನೋಟ ಹೋದದ್ದು ಹೋಯಿತು, ಅದು ಮರಳಿ ಬರುವುದಿಲ್ಲ.

“ಶುರುವಾದಾಗ್ಲೇ ಕರ್ಕೊಂಡು ಬಂದಿದ್ರೆ?” ಎಂದು ದೊಕ್ಸಿಮ್ ಕೇಳಿದಳು. “ಸುಳ್ಳು ಹೇಳ್ಬೇಡಿ ಡಾಕ್ಟ್ರೇ.”

ಡಾಕ್ಟರ್ ಹಾ, “ಬಹುಶಃ ಉಳೀತಿತ್ತು,” ಎಂದಳು.

ಅದಾದ ಮೇಲೆ ನೇರ ಮೈಕಿನ ಮುಂದೆ ಹೋಗಿ ಕೂತಳು ದೊಕ್ಸಿಮ್. ಅಂದಿನ ಕಥೆ ಯಜಮಾನ ಚುನ್‌ಬೊಕ್‌ನದು. ಯಾರೋ ಅಧಿಕಾರಿ ಬರುತ್ತಾನೆಂದು ಹೊಸ ಸೂಟು ಹಾಕಿಕೊಂಡು ಕೆಸರು ಬಯಲಿನ ದಂಡೆಯಲ್ಲಿ ಸೆಟೆದು ನಿಂತವನು, ಕಾಲು ಜಾರಿ ತೊಡೆಯವರೆಗೆ ಕೆಸರಿಗೆ ಇಳಿದದ್ದು. “ಒದ್ದಾಡಿದಷ್ಟೂ ಒಳಗೆ. ಪ್ಯಾಂಟು ಕೆಸರು ಹಿಡ್ಕೊಂಡಿದೆ, ಇವನು ಪ್ಯಾಂಟು ಹಿಡ್ಕೊಂಡಿದಾನೆ. ಆ ಕಡೆಯಿಂದ ಅಧಿಕಾರಿ ಕಾರು ಬಂತು. ಆಗ ಚುನ್‌ಬೊಕ್…”

ಪರದೆಯಲ್ಲಿ ಸೊರಾ ಮಲಗಿದ್ದಳು. ಯಂತ್ರದ ದೊಡ್ಡ ಕತ್ತು ಅವಳ ಎಡಗಡೆಯಿಂದ ಸುತ್ತಿ ಬರುತ್ತಿತ್ತು. ಆ ಕಡೆಯಿಂದ ಬರುವುದು ಅವಳಿಗೆ ಇನ್ನು ಎಂದೂ ಕಾಣುವುದಿಲ್ಲ ಎಂದು ದೊಕ್ಸಿಮ್‌ಗೆ ಹೊಳೆಯಿತು. ಬಾಯಿ ತೆರೆದಳು, ದನಿ ಬರಲಿಲ್ಲ. ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದು ಸದ್ದಿಲ್ಲದೆ ಅಳತೊಡಗಿದಳು.

ಟೆಕ್ನಿಶಿಯನ್ ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟ. ಲಿಯೆನ್ ಮುಂದೆ ನುಗ್ಗಿ ಮೈಕಿಗೆ ಕೈ ಹಾಕಿದಳು.

“ತಡೀರಿ,” ಎಂದ ಅವನು, ಕಣ್ಣು ಪರದೆಯಿಂದ ಕೀಳದೆ.

ಹುಡುಗಿ ಅಲುಗಲಿಲ್ಲ. ಮಾತು ನಿಂತದ್ದು ಗೊತ್ತಾಗಿ ಬೆರಳುಗಳು ಒಮ್ಮೆ ಮೇಲೆದ್ದವು, ಮತ್ತೆ ಮೆಲ್ಲಗೆ ಮೇಜಿನ ಮೇಲೆ ಮಲಗಿದವು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಯಂತ್ರ ತನ್ನ ಪಾಡಿಗೆ ಸುತ್ತಿತು. ಕೆಂಪು ದೀಪ ಆರಿ ಬಾಗಿಲು ತೆರೆದುಕೊಂಡಿತು.

ಸೊರಾ ಹೊರಗೆ ಬಂದಾಗ ಕೆನ್ನೆ, ಹಣೆಗಳ ತುಂಬ ಬಲೆಯ ಗುರುತು ಅಚ್ಚೊತ್ತಿತ್ತು. ತಾಯಿಯ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಗಟಗಟನೆ ಕುಡಿದಳು. ಅಜ್ಜಿ ಎಡಗಡೆ ನಿಂತಿದ್ದಳು, ಅವಳನ್ನು ನೋಡಲು ಹುಡುಗಿ ಮುಖವನ್ನು ಪೂರ್ತಿ ಆ ಕಡೆಗೆ ತಿರುಗಿಸಬೇಕಾಯಿತು.

“ಚುನ್‌ಬೊಕ್ ತಾತನ್ನ ಕೆಸರಲ್ಲೇ ಬಿಟ್ಟು ಸುಮ್ಮನಾದ್ಯಲ್ಲ!”

“ತಪ್ಪಾಯ್ತು ಪುಟ್ಟಾ. ಗಂಟಲು ಹಿಡ್ಕೊಂಡ್ತು.”

“ಉಳಿದಿದ್ದು ನಾನೇ ಮನಸ್ಸಲ್ಲೇ ಹೇಳ್ಕೊಂಡೆ. ತಾತ ಒದ್ದಾಡೋದು ಬಿಟ್ಟು ಕೆಸರ ಮೇಲೆ ಅಂಗಾತ ಮಲಗಿಬಿಟ್ಟ. ಒಂಚೂರೂ ಅಲುಗ್ಲಿಲ್ಲ. ಅಧಿಕಾರಿ ಕೂಗಿದ್ರೂ ಅಲುಗ್ಲಿಲ್ಲ. ಆಮೇಲೆ ಮೆಲ್ಲಗೆ ಒಂದೊಂದೇ ಕಾಲು ಬಿಡಿಸ್ಕೊಂಡ.”

“ಎಲ್ಲಿ ಬಿಡಿಸ್ಕೊಂಡ, ಆ ಡೊಳ್ಳುಹೊಟ್ಟೆಯವನು!” ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. “ನಾವು ನಾಲ್ಕು ಜನ ಹೆಂಗಸರು ಹಲಗೆ ಹಾಕಿ ಎಳೆದ್ವಿ.”

ಸೊರಾ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ತಾಯಿಯ ಕೈಗೆ ಕೊಟ್ಟಳು.

“ನನ್ನ ಕಥೇಲಿ ಯಾರೂ ಎಳೀಲಿಲ್ಲ,” ಎಂದಳು. “ಅವನೇ ಎದ್ದು ಬಂದ.”